ಆಗಾಗ್ಗೆ ಕೈಕೊಡುವ ಹಳೆಯ ಕೀಬೋರ್ಡು: ದೋಷ ಹುಡುಕುವ ಬಗೆ



ಪೂರ್ತಿ ಕೆಟ್ಟು ನಿಂತ ಪಂಪ್‌ಸೆಟ್ಟನ್ನು ನಂಬಿ ಯಾರೂ ಕೂರುವುದಿಲ್ಲ. ಆ ದಿನವೇ ಮೆಕ್ಯಾನಿಕ್ಕನ್ನು ಕರೆಸುತ್ತಾರೆ. ಒಮ್ಮೆ ಓಡಿ ಒಮ್ಮೆ ನಿಲ್ಲುವ ಪಂಪ್‌ಸೆಟ್ಟೇ ಬೆಳೆ ಒಣಗಿಸುವುದು. ಕಂಪ್ಯೂಟರಿನ ಕೀಬೋರ್ಡು ಕೂಡ ಹೀಗೆಯೇ. ಮಂಚೇನಹಳ್ಳಿಯ ಸುತ್ತಿನ ನಿಮ್ಮ ಊರಿನ ಶಾಲೆಯಲ್ಲೋ, ಪಂಚಾಯಿತಿ ಗ್ರಂಥಾಲಯದಲ್ಲೋ, ಹಾಲಿನ ಡೈರಿಯಲ್ಲೋ ಹಳೆಯ ಕಂಪ್ಯೂಟರು ಇದ್ದರೆ ಈ ಮಾತುಗಳನ್ನು ಗಮನವಿಟ್ಟು ಓದಿರಿ.

ಇದರಿಂದ ಆಗುವ ನಷ್ಟ

ಭೂಮಿ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ನಮ್ಮ ಹೊಲದ ಲೆಕ್ಕ ಬೆರಳ ತುದಿಗೆ ಬಂದಿದೆ. ಅರ್ಜಿಯಲ್ಲಿ ಸರ್ವೆ ನಂಬರು 114 ಎಂದು ಒತ್ತಿದಾಗ ಒಂದು ಅಂಕಿ ಬೀಳದೆ ಹೋದರೆ 14 ಆಗುತ್ತದೆ. ಅದು ಬೇರೊಬ್ಬರ ಹೊಲ. ಬ್ಯಾಂಕಿನ ಖಾತೆ ನಂಬರಿನಲ್ಲಿ ಒಂದು ಅಂಕಿ ಎರಡು ಸಲ ಬಿದ್ದರೆ ವೃದ್ಧಾಪ್ಯ ವೇತನ ನಿಂತುಹೋದೀತು.

ಕನ್ನಡ ಟೈಪ್ ಮಾಡುವಾಗ ತೊಂದರೆ ಇನ್ನೂ ಹೆಚ್ಚು. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ವಿನ್ಯಾಸದಲ್ಲಿ ‘ಎಲ್’ ಕೀಲಿ ಒತ್ತಿದರೆ ‘ಲ’, ಶಿಫ್ಟ್ ಹಿಡಿದು ಒತ್ತಿದರೆ ‘ಳ’. ಶಿಫ್ಟ್ ಕೈಕೊಟ್ಟರೆ ‘ಹಳ್ಳಿ’ ಹೋಗಿ ‘ಹಲ್ಲಿ’ ಆಗುತ್ತದೆ! ಒತ್ತಕ್ಷರಕ್ಕೆ ‘ಎಫ್’ ಕೀಲಿ ಬೇಕು. ಅದು ತಪ್ಪಿದರೆ ‘ಅಕ್ಕ’ ಎಂಬುದು ‘ಅಕಕ’ ಆಗುತ್ತದೆ. ನೋಡಿದವರು ಟೈಪ್ ಮಾಡಿದ ಹುಡುಗಿಗೆ ಅಕ್ಷರ ಬಾರದು ಎನ್ನುತ್ತಾರೆ. ಆಕೆಯನ್ನು ಗದರುವ ಮೊದಲು ಕೀಬೋರ್ಡನ್ನು ಪರೀಕ್ಷಿಸುವುದು ನ್ಯಾಯ.

ಒಳಗಿನ ಕೆಲಸ

ಕೀಬೋರ್ಡಿನಲ್ಲಿ ನೂರಕ್ಕೂ ಹೆಚ್ಚು ಕೀಲಿಗಳಿವೆ. ಆದರೆ ಒಂದೊಂದಕ್ಕೂ ಬೇರೆ ಬೇರೆ ತಂತಿ ಎಳೆದಿಲ್ಲ. ಮಗ್ಗದ ಹಾಸುಹೊಕ್ಕಿನಂತೆ ಉದ್ದಗೆರೆ, ಅಡ್ಡಗೆರೆಗಳು ಹಾದುಹೋಗಿರುತ್ತವೆ. ಅವು ಸಂಧಿಸುವ ಒಂದೊಂದು ಕಡೆ ಒಂದೊಂದು ಕೀಲಿ. ಒತ್ತಿದಾಗ ಎರಡು ಗೆರೆ ಕೂಡುತ್ತವೆ. ಒಂದು ಚಿಪ್ಪು ಈ ಗೆರೆಗಳನ್ನು ಸೆಕೆಂಡಿಗೆ ಅನೇಕ ಸಲ ಸವರಿ ನೋಡಿ, ಯಾವ ಕೀಲಿ ಒತ್ತಿದೆ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ.

ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಒಂದೇ ಕೀಲಿ ತಪ್ಪಿದರೆ ದೋಷ ಆ ಕೀಲಿಯಲ್ಲಿ. ಹಲವು ಕೀಲಿಗಳು ಒಟ್ಟಿಗೆ ತಪ್ಪಿದರೆ ದೋಷ ಅವುಗಳ ಗೆರೆಯಲ್ಲಿ. ಎಲ್ಲವೂ ಒಟ್ಟಿಗೆ ನಿಂತು ಮತ್ತೆ ಬಂದರೆ ತಂತಿಯಲ್ಲಿ ಅಥವಾ ಪಿನ್ನಿನಲ್ಲಿ.

ಬಿಚ್ಚುವ ಮೊದಲು

1. ಒಂದು ಕಾಗದದಲ್ಲಿ ಬರೆದಿಡಿರಿ: ಯಾವ ಕೀಲಿ, ಯಾವ ಹೊತ್ತು, ಆಗ ತಂತಿ ಅಲುಗಿತೇ, ಮಳೆಯ ದಿನವೇ? ಎರಡು ದಿನ ಬರೆದರೆ ದೋಷದ ನಡತೆ ತಾನಾಗಿ ತಿಳಿಯುತ್ತದೆ.

2. ಪ್ರತಿಯೊಂದು ಕೀಲಿಯನ್ನೂ ಎಣಿಸಿ 20 ಸಲ ಒತ್ತಿರಿ. ತೆರೆಯ ಮೇಲೆ 20 ಅಕ್ಷರ ಬರಬೇಕು. 19 ಬಂದರೆ ಸಂಪರ್ಕ ತಪ್ಪುತ್ತಿದೆ. 21 ಬಂದರೆ ಒಳಗಿನ ಲೋಹದ ತುಂಡು ನಡುಗಿ ಎರಡು ಸಲ ತಗುಲುತ್ತಿದೆ.

3. ಬಲಗಡೆಯ ಶಿಫ್ಟನ್ನು 8 ಸೆಕೆಂಡು ಹಿಡಿದರೆ ವಿಂಡೋಸ್‌ನಲ್ಲಿ ‘ಫಿಲ್ಟರ್ ಕೀಸ್’ ಎಂಬ ಏರ್ಪಾಡು ಎಚ್ಚರವಾಗುತ್ತದೆ. ಅದು ಚಾಲನೆಗೆ ಬಂದರೆ ಬೇಗನೆ ಒತ್ತಿದ ಕೀಲಿಗಳನ್ನು ಲೆಕ್ಕಿಸುವುದಿಲ್ಲ. ಇದು ಕೀಬೋರ್ಡಿನ ದೋಷವಲ್ಲ. ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಿದರೆ ಸಾಕು.

4. ಬೇರೆ ಕೀಬೋರ್ಡನ್ನು ಇದೇ ಕಂಪ್ಯೂಟರಿಗೂ, ಈ ಕೀಬೋರ್ಡನ್ನು ಬೇರೆ ಕಂಪ್ಯೂಟರಿಗೂ ಹಾಕಿ ನೋಡಿರಿ. ದೋಷ ಯಾವುದರ ಜೊತೆ ಹೋಗುತ್ತದೋ ಅದರಲ್ಲಿಯೇ ಇದೆ.

ಎಚ್ಚರಿಕೆ: 6 ಪಿನ್ನಿನ ದುಂಡನೆಯ ಪಿ.ಎಸ್./2 ಪ್ಲಗ್ಗನ್ನೂ, ಅದಕ್ಕಿಂತ ಹಳೆಯ 5 ಪಿನ್ನಿನ ದೊಡ್ಡ ಪ್ಲಗ್ಗನ್ನೂ ಕಂಪ್ಯೂಟರು ನಡೆಯುತ್ತಿರುವಾಗ ಕೀಳಕೂಡದು. ಮೊದಲು ಕಂಪ್ಯೂಟರನ್ನು ನಿಲ್ಲಿಸತಕ್ಕದ್ದು. ಇಲ್ಲವಾದರೆ ಕಂಪ್ಯೂಟರಿನ ಒಳಭಾಗಕ್ಕೇ ಪೆಟ್ಟಾಗಬಹುದು.

ತಂತಿಯ ದೋಷ

ತಂತಿ ಮುರಿಯುವುದು ಸಾಮಾನ್ಯವಾಗಿ ಎರಡು ಕಡೆ: ಪ್ಲಗ್ಗಿನ ಬುಡದಲ್ಲಿ ಮತ್ತು ಕೀಬೋರ್ಡಿನೊಳಗೆ ನುಗ್ಗುವ ಜಾಗದಲ್ಲಿ. ಎತ್ತಿನ ಹಗ್ಗವೂ ಗೂಟದ ಬಳಿಯೇ ಸವೆಯುತ್ತದಲ್ಲವೇ? ಒಬ್ಬರು ಒಂದು ಕೀಲಿಯನ್ನು ಒತ್ತುತ್ತಿರಲಿ, ಇನ್ನೊಬ್ಬರು ತಂತಿಯನ್ನು ಅಂಗುಲ ಅಂಗುಲವಾಗಿ ಮೆಲ್ಲಗೆ ಬಾಗಿಸಲಿ. ಅಕ್ಷರ ನಿಲ್ಲುವ ಕಡೆಯೇ ಮುರಿದ ಕಡೆ. ಪಿ.ಎಸ್./2 ತಂತಿಯಲ್ಲಿ ಕೆಲಸ ಮಾಡುವ ಎಳೆಗಳು ನಾಲ್ಕೇ: 5 ವೋಲ್ಟು, ನೆಲ, ಮಾಹಿತಿ, ಗಡಿಯಾರ. ಮಲ್ಟಿಮೀಟರಿನಿಂದ ಒಂದೊಂದನ್ನೂ ನೋಡಿ, ಮುರಿದ ಭಾಗ ಕತ್ತರಿಸಿ ಬೆಸುಗೆ ಹಾಕಿಸಬಹುದು.

ಕೀಲಿಯ ದೋಷ

ಒತ್ತಿದಾಗ ‘ಟಿಕ್ ಟಿಕ್’ ಎನ್ನುವ ಟಿ.ವಿ.ಎಸ್. ಗೋಲ್ಡ್‌ನಂತಹ ಕೀಬೋರ್ಡುಗಳಲ್ಲಿ ಒಂದೊಂದು ಕೀಲಿಗೂ ಬೇರೆ ಸ್ವಿಚ್ಚು ಇದೆ. ಮುಸುಕಿನ ಜೋಳದ ಹೊಟ್ಟು, ರಸ್ತೆಯ ಧೂಳು, ಇರುವೆ ಒಳಗೆ ಸೇರಿದರೆ ಸಂಪರ್ಕ ತಪ್ಪುತ್ತದೆ. ಕೀಲಿಗಳ ಒಂದು ಫೋಟೋ ತೆಗೆದುಕೊಂಡು, ಪ್ಲಗ್ಗು ಕಿತ್ತು, ಟೋಪಿಗಳನ್ನು ನೆಟ್ಟಗೆ ಮೇಲಕ್ಕೆಳೆಯಿರಿ. ಮೆತ್ತನೆಯ ಕುಂಚದಿಂದ ಧೂಳು ತೆಗೆಯಿರಿ. ದೋಷವಿರುವ ಸ್ವಿಚ್ಚಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು 50 ಸಲ ಒತ್ತಿ, ಪೂರ್ತಿ ಒಣಗಲು ಬಿಡಿರಿ. ಈ ದ್ರವಕ್ಕೆ ಬೆಂಕಿ ಬೇಗ ಹತ್ತುತ್ತದೆ. ಬೀಡಿ, ದೀಪ ಹತ್ತಿರ ಇರಕೂಡದು. ಇಷ್ಟಕ್ಕೂ ಸರಿಹೋಗದಿದ್ದರೆ ಹಿಂದಿನ ಬೆಸುಗೆಯಲ್ಲಿ ಕೂದಲಿನಷ್ಟು ಬಿರುಕು ಇದೆಯೇ ನೋಡಿಸಿರಿ. ಮತ್ತೆ ಕಾಯಿಸಿದರೆ ಕೂಡಿಕೊಳ್ಳುತ್ತದೆ. ಸ್ವಿಚ್ಚೇ ಸವೆದಿದ್ದರೆ, ಹೆಚ್ಚು ಬಳಸದ ‘ಸ್ಕ್ರೋಲ್ ಲಾಕ್’ ಕೀಲಿಯ ಸ್ವಿಚ್ಚನ್ನು ತೆಗೆದು ಆ ಜಾಗಕ್ಕೆ ಹಾಕಿಸಬಹುದು.

ಮೆತ್ತಗೆ ಒತ್ತುವ ಅಗ್ಗದ ಕೀಬೋರ್ಡುಗಳಲ್ಲಿ ಮೂರು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ಗೆರೆಗಳು, ನಡುವಿನದರಲ್ಲಿ ತೂತುಗಳು. ಇಂಥದ್ದರಲ್ಲಿ ಒಂದು ಗುಂಪಿನ ಕೀಲಿಗಳು ತಪ್ಪುತ್ತಿದ್ದರೆ ಮೊದಲು ಹಾಳೆಯ ತುದಿ ಚಿಪ್ಪಿನ ಹಲಗೆಗೆ ಒತ್ತಿಕೊಂಡಿರುವ ಜಾಗ ನೋಡಿರಿ. ಅಲ್ಲಿನ ತಿರುಪು ಸಡಿಲವಾಗಿದ್ದರೆ ಬಿಗಿ ಮಾಡಿದರೆ ಸಾಕು. ಚಹಾ ಚೆಲ್ಲಿ ಗೆರೆ ಅಳಿಸಿದ್ದರೆ ವಿದ್ಯುತ್ ಹರಿಯುವ ಬೆಳ್ಳಿಯ ಬಣ್ಣದಿಂದ ಗೆರೆ ತಿದ್ದಬೇಕು. ಅಲ್ಲಿ ಬೆಸುಗೆ ಕೂಡದು, ಹಾಳೆ ಕರಗಿಹೋಗುತ್ತದೆ.

ಮಾಡಬಾರದ್ದು

ಹೊಲಿಗೆ ಯಂತ್ರದಂತೆ ಇದಕ್ಕೂ ಎಣ್ಣೆ ಬಿಡುವವರಿದ್ದಾರೆ. ಕೊಬ್ಬರಿ ಎಣ್ಣೆಯಾಗಲಿ ಸೀಮೆಎಣ್ಣೆಯಾಗಲಿ ಬೇಡ. ಧೂಳು ಇನ್ನಷ್ಟು ಅಂಟುತ್ತದೆ. ನೀರಿನಲ್ಲಿ ತೊಳೆಯಬೇಡಿರಿ. ತಟ್ಟಿದಾಗ ಸರಿಹೋಯಿತೆಂದು ಸುಮ್ಮನಾಗಬೇಡಿರಿ. ಆ ದೋಷ ಮತ್ತೆ ಬರುತ್ತದೆ.

ಕೊನೆಯ ಮಾತು

ರಿಪೇರಿಯಾದ ಮೇಲೆ 20ರ ಎಣಿಕೆಯನ್ನು ಮತ್ತೊಮ್ಮೆ ಮಾಡಿರಿ, ಎರಡು ದಿನ ಕಳೆದು ಇನ್ನೊಮ್ಮೆ ಮಾಡಿರಿ. ಅಲ್ಲಿಯವರೆಗೆ ಆ ಕೀಬೋರ್ಡಿನಲ್ಲಿ ಅರ್ಜಿಯನ್ನಾಗಲಿ ಲೆಕ್ಕವನ್ನಾಗಲಿ ಬರೆಯಬೇಡಿರಿ. ಕೆಲಸ ಮಾಡಿಸಿಕೊಳ್ಳಲು ಹೋದವರಿಗೂ ಒಂದು ಮಾತು: ಸರ್ವೆ ನಂಬರು, ಖಾತೆ ನಂಬರು, ತಂದೆಯ ಹೆಸರು, ಊರಿನ ಹೆಸರು, ಈ ನಾಲ್ಕನ್ನೂ ತೆರೆಯ ಮೇಲೆ ನೀವೇ ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ, ಆಮೇಲೆ ಒಪ್ಪಿಗೆ ಕೊಡಿರಿ. ಒಂದು ನಿಮಿಷದ ಈ ಶ್ರಮ ತಿಂಗಳುಗಟ್ಟಲೆ ಕಚೇರಿಗೆ ಅಲೆಯುವುದನ್ನು ತಪ್ಪಿಸುತ್ತದೆ.