ಅಳತೆಗೆ ಇಳಿದ ಮೋಟಾರುಗಾಡಿ

ಅಫಜಲಪುರ ತಾಲ್ಲೂಕಿನ ಸೊನ್ನದ ಬಳಿ ಭೀಮಾನದಿಗೆ ಅಡ್ಡಲಾಗಿ ಬ್ಯಾರೇಜೊಂದು ನಿಂತಿದೆ. ಜ್ಯೇಷ್ಠಮಾಸದ ಕೊನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಆ ಸೀಮೆಯ ಮನೆಗಳಲ್ಲಿ ಎರೆಮಣ್ಣಿನ ಎತ್ತುಗಳು ಜೋಡಿಜೋಡಿಯಾಗಿ ಸಿದ್ಧವಾಗುತ್ತವೆ. ಅವುಗಳ ಮುಂದೊಂದು ಗ್ವಾದಲಿಯೂ ಇರುತ್ತದೆ. ಎತ್ತಿನ ಮೈಗೆ ಕೊಂಬು ಉದ್ದವಾಯಿತೆಂದು ಅಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಹಿಣಿಲು ದೊಡ್ಡದಾದಷ್ಟೂ ಎತ್ತು ಚೆಂದವೇ. ಆದರೆ ಕಬ್ಬಿನ ಸುಗ್ಗಿಯಲ್ಲಿ ಅದೇ ದಾರಿಯ ಮೇಲೆ ಹೋಗುವ ಟ್ರ್ಯಾಕ್ಟರನ್ನು ಅದೇ ಹುಡುಗನು ತದ್ವತ್ತಾಗಿ ಮಾಡಬೇಕೆಂದು ಕುಳಿತನೆನ್ನೋಣ. ಆಗ ಒಂದು ಹೊಸ ಪ್ರಶ್ನೆ ಏಳುತ್ತದೆ: ಎಲ್ಲವನ್ನೂ ಎಷ್ಟರಿಂದ ಭಾಗಿಸಬೇಕು? ಈ ಪ್ರಶ್ನೆಯನ್ನೇ ಉದ್ಯಮವನ್ನಾಗಿ ಮಾಡಿಕೊಂಡ ಕೆಲವು ಕಂಪನಿಗಳು ಜಗತ್ತಿನಲ್ಲಿವೆ. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುವ ಅವರ ಕಿಟ್ಟುಗಳು ನಮ್ಮಲ್ಲಿಗೆ ಬಹುಪಾಲು ಹೊರದೇಶದಿಂದ ಬರಬೇಕು. ಆದುದರಿಂದ ಬೆಲೆ ಕಡಿಮೆಯಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ಹಣವನ್ನು ಯಾವ ಪೆಟ್ಟಿಗೆಯ ಮೇಲೆ ಹಾಕಬೇಕೆಂಬುದು ವಿದ್ಯಾರ್ಥಿಗೆ ಸಣ್ಣ ಮಾತಲ್ಲ.

ಸ್ವಾರಸ್ಯವೇನೆಂದರೆ, ಈ ಉದ್ಯಮದ ಒಂದು ಪ್ರಮುಖ ಶಾಖೆ ಹುಟ್ಟಿದ್ದೇ ಟ್ರ್ಯಾಕ್ಟರಿನಿಂದ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯನ್ನು 1939ರಲ್ಲಿ ನಿಕೊಲಸ್ ಕೋವ್ ಎಂಬ ಹಂಗೇರಿಯ ಮೂಲದವರು ಸ್ಥಾಪಿಸಿದರು. ಮೊದಲು ಅಲ್ಲಿ ತಯಾರಾಗುತ್ತಿದ್ದುದು ಗಾಳಿ ತುಂಬುವ ರಬ್ಬರಿನ ಆಟಿಕೆ, ಆಮೇಲೆ ಬಾಚಣಿಗೆ. 1949ರ ಸುಮಾರಿಗೆ ಫರ್ಗ್ಯುಸನ್ ಟ್ರ್ಯಾಕ್ಟರಿನವರು ತಮ್ಮ ಮಾರಾಟಗಾರರಿಗಾಗಿ ಅದರ ಚಿಕ್ಕ ಪ್ರತಿಕೃತಿಯೊಂದನ್ನು ಮಾಡಿಸಿದರು. ಅದನ್ನು ಕಾರ್ಖಾನೆಯಲ್ಲಿ ಕೈಯಿಂದ ಜೋಡಿಸುವುದು ಕಷ್ಟವಾಗಿ, ಮುಂದೆ ಭಾಗಗಳನ್ನು ಬಿಡಿಬಿಡಿಯಾಗಿಯೇ ಮಾರಿದರು. ಜೋಡಿಸುವ ಕಷ್ಟ ಕೊಳ್ಳುವವನ ಸಂತೋಷವಾಯಿತು! ಅದೇ ಫರ್ಗ್ಯುಸನ್ನರ ಹೆಸರು 1960ರಲ್ಲಿ ಮದರಾಸಿನಲ್ಲಿ ಆರಂಭವಾದ ಟಾಫೆ ಕಂಪನಿಯ ಮೂಲಕ ನಮ್ಮ ಹೊಲಗಳಿಗೂ ಬಂದಿತು.

ಇನ್ನು ಪ್ರಮಾಣದ ವಿಚಾರ. ಮೋಟಾರು ಕಿಟ್ಟುಗಳಲ್ಲಿ 1/24, 1/25, 1/32 ಎಂಬ ಅಂಕಿಗಳು ಕಾಣುತ್ತವೆ. 1/24 ಎಂದರೆ ಒಂದು ಅಡಿಗೆ ಅರ್ಧ ಅಂಗುಲ. ಸಿದ್ಧ ಲೋಹದ ಗಾಡಿಗಳ ಮೇಲೆ ಕಾಣುವ 1/43 ಇನ್ನೂ ವಿಚಿತ್ರ: ಅದು ಒಂದು ಅಡಿಗೆ 7 ಮಿಲಿಮೀಟರ್ ಎಂಬ ಆಟದ ರೈಲಿನ ಇಂಗ್ಲಿಷ್ ಪ್ರಮಾಣದಿಂದ ಬಂದ ಸಂಖ್ಯೆ. ನಮ್ಮಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್ ಕಾರು ಸುಮಾರು 4.3 ಮೀಟರ್ ಉದ್ದವಿತ್ತು. 1/24ರಲ್ಲಿ ಅದು 179 ಮಿ.ಮೀ., 1/25ರಲ್ಲಿ 172, 1/32ರಲ್ಲಿ 134 ಮಿ.ಮೀ. ಆಗುತ್ತದೆ. ಮೊದಲೆರಡರ ನಡುವೆ 7 ಮಿಲಿಮೀಟರ್ ಅಂತರ. ಒಂಟಿಯಾಗಿಟ್ಟರೆ ಯಾರಿಗೂ ತಿಳಿಯದು. ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಹೊರಟರೆ ಮಾತ್ರ ಬೇಗ ತಿಳಿಯುತ್ತದೆ.

ಉದ್ದವನ್ನು ಭಾಗಿಸುವುದು ಸುಲಭ. ದಪ್ಪವನ್ನು ಭಾಗಿಸುವುದು ಸುಲಭವಲ್ಲ. ಕಾರಿನ ಮೈಯ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಅದನ್ನು 24ರಿಂದ ಭಾಗಿಸಿದರೆ ಕೂದಲಿಗಿಂತ ತೆಳುವಾಗುತ್ತದೆ. ಕರಗಿದ ಪಾಲಿಸ್ಟೈರೀನನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸುವಾಗ ಅಷ್ಟು ಸಪೂರವಾದ ಸಂದಿಯಲ್ಲಿ ಅದು ಹರಿಯುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ಆದುದರಿಂದ ಕಿಟ್ಟಿನ ಗೋಡೆ ಒಂದು ಮಿಲಿಮೀಟರಿನ ಸುಮಾರಿಗಿರಬೇಕು. ನಿಜವಾದ ಕಾರಿಗೆ ಹೋಲಿಸಿದರೆ ಅದು 24 ಮಿ.ಮೀ. ದಪ್ಪದ ತಗಡು, ಯುದ್ಧದ ಟ್ಯಾಂಕಿಗೆ ತಕ್ಕದ್ದು. ಬಾಗಿಲಿನ ಸುತ್ತಣ 4 ಮಿ.ಮೀ. ಸಂದು ಆರನೆಯ ಒಂದು ಮಿಲಿಮೀಟರಿಗೆ ಇಳಿಯಬೇಕು. ಹತ್ತನೆಯ ಒಂದು ಮಿ.ಮೀ. ದಪ್ಪದ ಬಣ್ಣ ಬಳಿದಿರೋ, ಅದು 2.4 ಮಿ.ಮೀ. ಬಣ್ಣವಾಯಿತು, ಸಂದು ಮುಚ್ಚಿಯೇ ಹೋಯಿತು. ತೂಕದ ಲೆಕ್ಕ ಇನ್ನೂ ಬೆರಗಿನದು: 1100 ಕಿಲೋ ತೂಗುವ ಕಾರನ್ನು 24ರ ಘನದಿಂದ, ಅಂದರೆ 13,824ರಿಂದ ಭಾಗಿಸಿದರೆ 80 ಗ್ರಾಂ ಮಾತ್ರ ಉಳಿಯುತ್ತದೆ. ಹೀಗೆ ಪ್ರತಿಯೊಬ್ಬ ತಯಾರಕನೂ ಒಂದಿಲ್ಲೊಂದೆಡೆ ಅಳತೆಗೆ ಮೋಸ ಮಾಡಲೇಬೇಕು. ಯಾರು ಎಲ್ಲಿ, ಎಷ್ಟು ಜಾಣತನದಿಂದ ಮೋಸ ಮಾಡುತ್ತಾರೆಂಬುದರಲ್ಲಿಯೇ ಕಂಪನಿಗಳ ತಾರತಮ್ಯ ಅಡಗಿದೆ.

ಜಪಾನಿನ ಶಿಜುಓಕಾ ನಗರದ ತಮಿಯಾ ಕಂಪನಿ 1946ರಲ್ಲಿ ಮರದ ವ್ಯಾಪಾರವಾಗಿ ಹುಟ್ಟಿತು. ಮರದ ಮಾದರಿಗಳನ್ನು ಮಾಡುತ್ತಿದ್ದವರು 1960ರಲ್ಲಿ ಯಮಾಟೊ ಯುದ್ಧನೌಕೆಯೊಡನೆ ಪ್ಲಾಸ್ಟಿಕ್ಕಿಗೆ ಕಾಲಿಟ್ಟರು. ಮರುವರ್ಷದ ಪ್ಯಾಂಥರ್ ಟ್ಯಾಂಕನ್ನು ಒಳಗೆ ಮೋಟಾರು, ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮಾಡಿ, ಆಮೇಲೆ ಲೆಕ್ಕ ಹಾಕಿದಾಗ ಪ್ರಮಾಣ 1/35 ಎಂದಾಯಿತು. ಇಂದು ಲೋಕದ ಟ್ಯಾಂಕು ಮಾದರಿಗಳಿಗೆಲ್ಲ ಅದೇ ರೂಢಿ. ಶಾಸ್ತ್ರವು ಬ್ಯಾಟರಿಯನ್ನು ಹಿಂಬಾಲಿಸಿದ ಉದಾಹರಣೆಯಿದು. ಆದರೆ ಮೋಟಾರುಗಾಡಿಯಲ್ಲಿ ಇವರ ನಿಷ್ಠೆ ದೊಡ್ಡದು. 1976ರ 1/12 ಪ್ರಮಾಣದ ಪೋರ್ಷೆ 934 ಮಾದರಿಗಾಗಿ ನಿಜವಾದ ಪೋರ್ಷೆ ಕಾರೊಂದನ್ನೇ ಕೊಂಡು ಬಿಚ್ಚಿ ನೋಡಿದ ಕಥೆ ಹವ್ಯಾಸಿಗಳಿಗೆಲ್ಲ ಗೊತ್ತು. ಇವರ ಭಾಗಗಳು ಅಂಟು ಹಾಕುವ ಮೊದಲೇ ಒಂದಕ್ಕೊಂದು ಕಚ್ಚಿ ಕೂರುತ್ತವೆ. ಮೊದಲ ಸಲ ಕೈಹಾಕುವವರಿಗೆ ನಾವು ಇದನ್ನೇ ಹೇಳುತ್ತೇವೆ. ಒಂದು ಕೊರತೆಯುಂಟು. ತಮಿಯಾದ ಎಷ್ಟೋ 1/24 ಕಾರುಗಳಲ್ಲಿ, ಅದೇ ನಗರದ ಆಓಶಿಮಾ, ಫುಜಿಮಿ ಕಂಪನಿಗಳ ಬಹಳಷ್ಟು ಕಾರುಗಳಲ್ಲಿ ಎಂಜಿನ್ನೇ ಇರುವುದಿಲ್ಲ. ಮುಚ್ಚಳ ತೆರೆಯದ ಸುಂದರ ಪೆಟ್ಟಿಗೆಗಳವು.

ಎಂಜಿನ್ ಬೇಕೆನ್ನುವವರು ಅಮೆರಿಕದ ಕಡೆಗೆ ತಿರುಗಬೇಕು. 1948ರಲ್ಲಿ ಮಿಷಿಗನ್ನಿನಲ್ಲಿ ಆರಂಭವಾದ ಎ.ಎಂ.ಟಿ. ಕಂಪನಿ ಮೊದಲು ಮಾಡುತ್ತಿದ್ದುದು ಕಾರಿನ ವ್ಯಾಪಾರಿಗಳ ಅಂಗಡಿಗೆ ಬೇಕಾದ ಪ್ರಚಾರದ ಗೊಂಬೆಕಾರುಗಳನ್ನು. 1958ರಲ್ಲಿ ಅವರು ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಾಗಿ ಜೋಡಿಸಬಹುದಾದ ಕಿಟ್ಟನ್ನು ತಂದರು: ಕಾರ್ಖಾನೆಯಿಂದ ಬಂದಂತೆ, ಅಲಂಕರಿಸಿದಂತೆ, ಪಂದ್ಯಕ್ಕೆ ಸಜ್ಜಾದಂತೆ. ಇವರ ಪ್ರಮಾಣ 1/25. ಷಿಕಾಗೋದ ಮೊನೊಗ್ರಾಮ್ ಕಂಪನಿಯ ಕಾರುಗಳು ಹೆಚ್ಚಾಗಿ 1/24. ಅದು 1986ರಲ್ಲಿ ರೆವೆಲ್ ಕಂಪನಿಯೊಡನೆ ಕೂಡಿಹೋಯಿತು. ಈ ಕಿಟ್ಟುಗಳಲ್ಲಿ ಸಿಲಿಂಡರು, ಗೇರುಪೆಟ್ಟಿಗೆ, ಹಿಂದಿನ ಅಚ್ಚು ಎಲ್ಲವೂ ಬೇರೆಬೇರೆ ಭಾಗಗಳು. ಕಾರು ಹೇಗೆ ನಡೆಯುತ್ತದೆಂದು ಪಾಠದಲ್ಲಿ ಓದಿ ಮರೆತ ವಿದ್ಯಾರ್ಥಿಗೆ ಇದು ಮರೆಯದ ಪಾಠ.

ಆದರೆ ಇಲ್ಲೊಂದು ಎಚ್ಚರ ಬೇಕು. ಕಂಪನಿಗಳು ಕೈಬದಲಾಗುತ್ತವೆ, ಉಕ್ಕಿನ ಅಚ್ಚುಗಳು ಮಾತ್ರ ಉಳಿಯುತ್ತವೆ. ಏರ್‌ಫಿಕ್ಸ್ 2006ರಲ್ಲಿ ಹಾರ್ನ್‌ಬಿ ಕಂಪನಿಗೆ ಸೇರಿತು, ಎ.ಎಂ.ಟಿ. ಹೆಸರು ಈಗ ರೌಂಡ್ 2 ಎಂಬವರದು. ರೆವೆಲ್ 2018ರಲ್ಲಿ ಜರ್ಮನಿಯ ಹೂಡಿಕೆದಾರರ ಪಾಲಾಯಿತು. ಅರ್ಧ ಶತಮಾನದ ಹಳೆಯ ಅಚ್ಚಿನಿಂದ ತೆಗೆದ ಭಾಗಗಳು ಹೊಚ್ಚಹೊಸ ಬಣ್ಣದ ಪೆಟ್ಟಿಗೆಯಲ್ಲಿ ಬರುವುದುಂಟು. ಸವೆದ ಅಚ್ಚಿನ ಎರಡು ಪಾಳಿಗಳು ಬಿಗಿಯಾಗಿ ಕೂಡದೆ, ನಡುವಿನ ಸಂದಿನಲ್ಲಿ ಪ್ಲಾಸ್ಟಿಕ್ ಜಿನುಗಿ ಭಾಗಗಳ ಅಂಚಿಗೆ ರೆಕ್ಕೆಯಂಥ ಪದರ ಕಟ್ಟುತ್ತದೆ. ಕೊಳ್ಳುವ ಮುನ್ನ ಕೇಳಬೇಕಾದುದು ಪೆಟ್ಟಿಗೆಯ ವರ್ಷವನ್ನಲ್ಲ, ಅಚ್ಚಿನ ವರ್ಷವನ್ನು. ಹೆಸರಿಗಿಂತ ಈ ಒಂದು ಸಂಗತಿಯೇ ಹೆಚ್ಚು ಹೇಳುತ್ತದೆಂದು ನಮ್ಮ ಅನುಭವ.

ಅಂಟಿನ ವಿಷಯದಲ್ಲಿ ಎರಡು ಮಾತು. ಪಾಲಿಸ್ಟೈರೀನಿನ ಅಂಟು ನಿಜವಾಗಿ ಅಂಟಲ್ಲ, ದ್ರಾವಕ. ಅದು ಎರಡೂ ಮುಖಗಳನ್ನು ತುಸು ಕರಗಿಸುತ್ತದೆ. ಎರಡರ ಉದ್ದನೆಯ ಅಣುಸರಪಳಿಗಳು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿದ ಮೇಲೆ ಬೆಸುಗೆಯೇ ಆಗಿರುತ್ತದೆ. ಇದರ ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲ, ಕಿಟಕಿ ತೆರೆದೇ ಇರಲಿ. ಗಾಜಿನ ಭಾಗಕ್ಕೆ ಶೀಘ್ರವಾಗಿ ಹಿಡಿಯುವ ಸಯನೊಅಕ್ರಿಲೇಟ್ ಅಂಟನ್ನು ಹಾಕಬಾರದು. ಒಮ್ಮೆ ಆತುರಪಟ್ಟು ಹಾಕಿದ್ದರಿಂದ ನಮ್ಮ ಕಾರಿನ ಮುಂಗಾಜು ಮಂಜು ಕವಿದಂತೆ ಬೆಳ್ಳಗಾಗಿ ಹಾಗೆಯೇ ಉಳಿದಿದೆ. ಹಳೆಯ ಕಿಟ್ಟಿನ ಮೆತ್ತನೆಯ ವಿನೈಲ್ ಟೈರುಗಳನ್ನೂ ಬೇರೆ ಕಾಗದದಲ್ಲಿ ಸುತ್ತಿಡಬೇಕು. ಅವುಗಳಲ್ಲಿನ ಮೆದುಕಾರಕ ದ್ರವ್ಯವು ಹೊರಸೂಸಿ, ತಾಗಿದ ಪ್ಲಾಸ್ಟಿಕ್ ಭಾಗಗಳನ್ನು ಪೆಟ್ಟಿಗೆಯೊಳಗೇ ಕರಗಿಸುತ್ತದೆ.

ಇಷ್ಟಾದರೂ ಸೊನ್ನದ ದಾರಿಯಲ್ಲಿ ಕಬ್ಬು ಎಳೆಯುವ ಟ್ರ್ಯಾಕ್ಟರು, ಅದರ ಹಿಂದಿನ ಜೋಡಿ ಟ್ರೇಲರುಗಳೊಡನೆ, ಯಾವ ಪೆಟ್ಟಿಗೆಯಲ್ಲಿಯೂ ನಮಗೆ ದೊರೆತಿಲ್ಲ. ಅದನ್ನು ರಟ್ಟು, ತಂತಿ, ಹಳೆಯ ಪ್ಲಾಸ್ಟಿಕ್ ಹಾಳೆಗಳಿಂದ ಕೈಯಾರೆ ಮಾಡಬೇಕು. ಇದಕ್ಕೆ 1/24 ಪ್ರಮಾಣವೇ ಅನುಕೂಲ; ಶಾಲೆಯ ಅಂಗುಲಪಟ್ಟಿಯೇ ಭಾಗಾಕಾರವನ್ನು ಮಾಡಿಕೊಡುತ್ತದೆ. ಗಾಡಿ ನಿಂತಿರುವಾಗ ಚಾಲಕರನ್ನು ಕೇಳಿ, ಟೇಪು ಹಿಡಿದು, ಮೊದಲು ಹಿಂದಿನ ಚಕ್ರವನ್ನು ಅಳೆಯಿರಿ. ಅದು ನಾಲ್ಕೂವರೆ ಅಡಿಯಿದ್ದರೆ ಕಾಗದದ ಮೇಲೆ ಎರಡೂಕಾಲು ಅಂಗುಲದ ವೃತ್ತ. ಉಳಿದ ಭಾಗಗಳನ್ನು ಅದರ ಪಕ್ಕದಲ್ಲಿಟ್ಟು ಬರೆಯುತ್ತ ಹೋಗಬಹುದು.