ದುಬಾರಿ ವಕೀಲರಿದ್ದರೆ ಮಾತ್ರ ಮಗು ಸಿಗುತ್ತದೆಯೇ? ಇಲ್ಲಿದೆ ಸತ್ಯಾಂಶ

"ವಿಚ್ಛೇದನವಾದರೆ ಹಣ ಇರುವವರಿಗೇ ಮಗು", "ಲಕ್ಷಗಟ್ಟಲೆ ಫೀಸ್ ಕೊಡಲಾಗದ ತಾಯಿ ಮಗುವಿನ ಆಸೆ ಬಿಡಬೇಕು" ಎಂಬರ್ಥದ ಮೆಸೇಜ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಕೆಲವದರ ಕೊನೆಗೆ "ಗೆಲುವು ಖಚಿತ, ಕರೆ ಮಾಡಿ" ಎಂಬ ಸಾಲೂ ಇರುತ್ತದೆ. ಇದನ್ನು ನಂಬಿದವರು ಕೋರ್ಟಿಗೆ ಹೋಗುವ ಮೊದಲೇ ಕೈಚೆಲ್ಲಬಹುದು. ಹಾಗಾಗಿ ಕಾನೂನು ಏನು ಹೇಳುತ್ತದೆ ಎಂದು ನೋಡೋಣ.

ಮಗು ಯಾರಿಗೆ?

ನ್ಯಾಯಾಲಯ ಮೊದಲು ನೋಡುವುದು ಮಗುವಿನ ಹಿತ. ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ, 1956ರ 13ನೇ ಸೆಕ್ಷನ್ ಇದನ್ನೇ ಹೇಳುತ್ತದೆ. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ 6ನೇ ಸೆಕ್ಷನ್. ಆದರೆ "5 ವರ್ಷವಾದ ಕೂಡಲೇ ಮಗು ತಂದೆಗೆ" ಎಂಬುದು ತಪ್ಪು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಪರಿಗಣಿಸಬಹುದು. ತಂದೆ ತಾಯಿಯ ಸಂಬಳ ಒಂದು ಅಂಶ ಮಾತ್ರ. ಮಗು ಯಾರ ಬಳಿ ಇದ್ದರೂ ಇನ್ನೊಬ್ಬರು ಭೇಟಿಗೆ ಅವಕಾಶ ಕೇಳಬಹುದು.

ವಕೀಲರಿಗೆ ಹಣವಿಲ್ಲದಿದ್ದರೆ?

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮೊದಲಾದವರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಇವರಿಗೆ ಆದಾಯದ ಮಿತಿ ಇಲ್ಲ. ಅಂದರೆ ಕೆಲಸದಲ್ಲಿರುವ ಮಹಿಳೆಯೂ ಅರ್ಜಿ ಹಾಕಬಹುದು. ಈ ಪಟ್ಟಿಗೆ ಸೇರದ ಪುರುಷರಿಗೆ ಆದಾಯದ ಮಿತಿ ಅನ್ವಯಿಸುತ್ತದೆ.

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ. ಇವುಗಳ ಕಚೇರಿ ಸಾಮಾನ್ಯವಾಗಿ ಕೋರ್ಟ್ ಆವರಣದಲ್ಲೇ ಇರುತ್ತದೆ. ಸಹಾಯವಾಣಿ 15100ಕ್ಕೂ ಕರೆ ಮಾಡಬಹುದು. ಅರ್ಜಿ ಒಪ್ಪಿಗೆಯಾದರೆ ಪ್ಯಾನೆಲ್ ವಕೀಲರನ್ನು ನೇಮಿಸುತ್ತಾರೆ. ಅವರಿಗೆ ನೀವು ಫೀಸ್ ಕೊಡಬೇಕಿಲ್ಲ.

ನೀವೇ ವಕೀಲರನ್ನು ಹುಡುಕುವುದಾದರೆ

- ಭಾರತದಲ್ಲಿ ವಕೀಲರು ಜಾಹೀರಾತು ಕೊಟ್ಟು ಕೇಸ್ ಹಿಡಿಯುವಂತಿಲ್ಲ. ಇದು ಬಾರ್ ಕೌನ್ಸಿಲ್ ನಿಯಮ. "ಗೆಲುವು ಖಚಿತ" ಎನ್ನುವ ಫಾರ್ವರ್ಡ್ ಕಂಡರೆ ದೂರವಿರಿ.
- ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ.
- ಕೌಟುಂಬಿಕ ನ್ಯಾಯಾಲಯದಲ್ಲಿ ಮಕ್ಕಳ ಸುಪರ್ದಿಯ ಕೇಸ್ ನಡೆಸಿದ್ದಾರೆಯೇ ಎಂದು ವಿಚಾರಿಸಿ.
- ಕೇಸ್ ಮುಗಿಯುವವರೆಗೆ ಮಗು ಎಲ್ಲಿರಬೇಕು ಎಂಬುದಕ್ಕೆ ಮಧ್ಯಂತರ ಅರ್ಜಿ ಹಾಕುತ್ತಾರೆಯೇ ಕೇಳಿ.
- ಫೀಸ್ ಎಷ್ಟು, ಯಾವಾಗ ಎಂಬುದನ್ನು ಬರೆದುಕೊಡಲು ಹೇಳಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ.

ಮೊದಲ ಭೇಟಿಗೆ ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಸ್ಪತ್ರೆಯ ಚೀಟಿಗಳನ್ನು ಒಯ್ಯಿರಿ. ಮಗುವನ್ನು ದಿನವೂ ನೋಡಿಕೊಳ್ಳುತ್ತಿರುವವರು ಯಾರು ಎಂಬುದನ್ನು ತೋರಿಸಲು ಇವು ನೆರವಾಗುತ್ತವೆ.

"ಮೊದಲು ಮಗುವನ್ನು ಎತ್ತಿಕೊಂಡು ಹೋಗಿ" ಎಂಬ ಸಲಹೆ?

ಇದು ನಿಮಗೇ ತಿರುಗುಬಾಣವಾಗಬಹುದು. ಪೋಷಕತ್ವದ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯವೇ ಕೇಳುತ್ತದೆ. ರಾತ್ರೋರಾತ್ರಿ ಊರು ಬದಲಿಸಿದ ಮಾತ್ರಕ್ಕೆ ಅದು ಬದಲಾಗದು. ಆದರೆ ಮನೆಯಲ್ಲಿ ಹಿಂಸೆ ಇದ್ದರೆ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: "ಹಣ ಇರುವವರಿಗೇ ಮಗು" ಎಂಬ ಮಾತು ಸುಳ್ಳು. ಆ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡಬೇಡಿ. ಅದರ ಬದಲು 15100 ಸಂಖ್ಯೆಯನ್ನು ಹಂಚಿಕೊಳ್ಳಿ.