ಒಂದೇ ಸಂಬಳದಲ್ಲಿ ಸ್ವಂತ ಮನೆ: ಕೊಳ್ಳುವ ಮುನ್ನ ಕೂಡಿ ಕಳೆದು ನೋಡಿ

ವಿಜಯನಗರ, ಬಸವೇಶ್ವರನಗರಗಳಲ್ಲಿ 'ಮನೆ ಬಾಡಿಗೆಗೆ ಇದೆ' ಎಂಬ ಫಲಕದ ಕೆಳಗೆ 'ಕುಟುಂಬದವರಿಗೆ ಮಾತ್ರ' ಎಂದು ಬರೆದಿರುವುದು ಹೊಸದೇನಲ್ಲ. ಅವಿವಾಹಿತ ಉದ್ಯೋಗಸ್ಥರು, ಅದರಲ್ಲೂ ಯುವತಿಯರು, ಸ್ವಂತ ಮನೆಯ ಯೋಚನೆಗೆ ಬೀಳುವುದು ಹಲವು ಬಾರಿ ಈ ಬೇಸರದಿಂದಲೇ. ಆದರೆ ಇದು ಬೇಸರದಲ್ಲಿ ಕೈಗೊಳ್ಳುವ ತೀರ್ಮಾನವಲ್ಲ.

ಕೆಂಗೇರಿಯ ಕಡೆ 70 ಲಕ್ಷ ರೂಪಾಯಿಯ ಫ್ಲ್ಯಾಟ್ ನೋಡಿದ್ದೀರಿ ಎಂದುಕೊಳ್ಳೋಣ. ರಿಸರ್ವ್ ಬ್ಯಾಂಕ್ ನಿಯಮದಂತೆ, 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವು ಮನೆಯ ಬೆಲೆಯ ಶೇ 80ನ್ನು ಮೀರುವಂತಿಲ್ಲ. ಅಂದರೆ 56 ಲಕ್ಷ ಸಾಲ, 14 ಲಕ್ಷ ಕೈಯಿಂದ. ಲೆಕ್ಕ ಇಲ್ಲಿಗೇ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಮುದ್ರಾಂಕ ಶುಲ್ಕ ಮೇಲ್ತೆರಿಗೆಗಳೂ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2ಕ್ಕೆ ಏರಿದೆ. ಎರಡೂ ಸೇರಿ 5.32 ಲಕ್ಷ, ಇದನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಗೃಹಪ್ರವೇಶಕ್ಕೆ ಮೊದಲೇ 19 ಲಕ್ಷಕ್ಕೂ ಮಿಕ್ಕ ಉಳಿತಾಯ ಕರಗಿರುತ್ತದೆ. ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಶೇ 5 ಜಿಎಸ್‌ಟಿ ಬೇರೆ.

ಬಡ್ಡಿ ಶೇ 8.5, ಅವಧಿ 20 ವರ್ಷ ಎಂದಾದರೆ ತಿಂಗಳ ಕಂತು ಸುಮಾರು 48,600 ರೂ. ಮೊದಲ ಕಂತಿನಲ್ಲಿ 39,700 ರೂ.ನಷ್ಟು ಬಡ್ಡಿಗೇ ಹೋಗುತ್ತದೆ. ಅಂತಹುದೇ ಮನೆಯ ಬಾಡಿಗೆ ಇದಕ್ಕಿಂತ ಬಹಳ ಕಡಿಮೆಯಿದ್ದು, ನಾಲ್ಕೈದು ವರ್ಷದಲ್ಲಿ ಊರು ಬಿಡುವ ಸಾಧ್ಯತೆಯೂ ಇದ್ದರೆ ಬಾಡಿಗೆಯೇ ಲೇಸು. ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗಿನ ತೆರಿಗೆ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ.

ದುಡಿಯುವ ದಂಪತಿಗಳಲ್ಲಿ ಒಬ್ಬರ ಕೆಲಸ ಹೋದರೆ ಇನ್ನೊಬ್ಬರ ಸಂಬಳ ಕಂತು ತುಂಬೀತು. ಒಬ್ಬರೇ ಇರುವವರಿಗೆ ಆ ಆಸರೆಯಿಲ್ಲ. ಕನಿಷ್ಠ ಆರು ತಿಂಗಳ ಕಂತಿನ ಹಣ ಪ್ರತ್ಯೇಕವಾಗಿರಲಿ; ಸಾಲದ ಮೊತ್ತಕ್ಕೆ ಟರ್ಮ್ ವಿಮೆಯೂ ಇರಲಿ. ಅರ್ಹತೆ ಹೆಚ್ಚಿಸಿಕೊಳ್ಳಲು ತಂದೆತಾಯಿಯನ್ನು ಸಹ ಅರ್ಜಿದಾರರನ್ನಾಗಿ ಮಾಡಿದರೆ, ಕಂತು ತಪ್ಪಿದಾಗ ಬ್ಯಾಂಕು ಅವರ ಬಾಗಿಲನ್ನೂ ತಟ್ಟುತ್ತದೆ. ಉಯಿಲು ಮುದುಕರ ಕೆಲಸವೆಂಬ ಭಾವನೆಯೂ ಬೇಡ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಅವಿವಾಹಿತ ಪುರುಷ ಉಯಿಲು ಬರೆಯದೆ ತೀರಿಕೊಂಡರೆ, ತಾಯಿ ಬದುಕಿರುವಾಗ ತಂದೆಗೆ ಆಸ್ತಿಯಲ್ಲಿ ಪಾಲಿಲ್ಲ.

ಇನ್ನು ಸ್ಥಳ. ಮೆಟ್ರೊ ರಾಜಾಜಿನಗರಕ್ಕೆ 2014ರಲ್ಲಿ, ವಿಜಯನಗರಕ್ಕೆ 2015ರಲ್ಲಿ, ಕೆಂಗೇರಿಗೆ 2021ರಲ್ಲಿ ಬಂದಿದೆ. ಕಾರಿನ ಕಂತು ಉಳಿಸಬಹುದು. ಆದರೆ ಅಂಚಿನ ಬಡಾವಣೆಗಳಲ್ಲಿ ಬೆಲೆ ತೀರಾ ಅಗ್ಗವೆನಿಸಿದರೆ ಮೊದಲು ಖಾತೆ ಕೇಳಿ. ಬಿ ಖಾತೆಯ ಆಸ್ತಿಗೆ ಸಾಲ ಕೊಡಲು ಹಲವು ಬ್ಯಾಂಕುಗಳು ಹಿಂಜರಿಯುತ್ತವೆ. ನಗರದಲ್ಲಿ ಈಗ ಇ-ಖಾತೆಯಿಲ್ಲದೆ ನೋಂದಣಿಯೂ ಆಗದು. ಮೂಲಪತ್ರಗಳನ್ನೂ ಋಣಭಾರ ಪ್ರಮಾಣಪತ್ರವನ್ನೂ ಬಿಲ್ಡರ್ ಸೂಚಿಸಿದ ವಕೀಲರಿಗಲ್ಲ, ನಿಮ್ಮದೇ ವಕೀಲರಿಗೆ ತೋರಿಸಿದ ಮೇಲೆ ಮುಂಗಡ ಕೊಡಿ.